ಅಟ್ಟದ ಕೆಳಗಿನ ಎರಡು ಬಾಗಿಲ ಕಾರು

ಆ ಕಾರು ಯಾವ ಕಂಪನಿಯದು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಐದು ವರ್ಷ ಅದರ ಮೈ ತಟ್ಟಿದ್ದೇನೆ, ಕೆರೆದಿದ್ದೇನೆ, ಕೊಯ್ದಿದ್ದೇನೆ, ಬೆಸೆದಿದ್ದೇನೆ. ಆದರೆ ಮೂತಿಯ ಮೇಲಿದ್ದ ಹೆಸರಿನ ಬಿಲ್ಲೆಯನ್ನು ನಾವು ನೋಡುವ ಮೊದಲೇ ಯಾರೋ ಕಿತ್ತುಕೊಂಡು ಹೋಗಿದ್ದರು. ಎರಡು ಸ್ಕ್ರೂ ತೂತು ಮಾತ್ರ ಉಳಿದಿದ್ದವು. ಕಾಗದಪತ್ರ ಬಿಡಿಸಿ ನೋಡಿದರೆ ಗೆದ್ದಲು ಸರಿಯಾಗಿ ಆ ಸಾಲನ್ನೇ ತಿಂದಿತ್ತು. ಎರಡೇ ಬಾಗಿಲು, ಮೊಣಕಾಲೆತ್ತರದ ಸೀಟು, ಹಿಂದಕ್ಕೆ ಇಳಿಜಾರಾಗಿ ಬಂದ ಬೆನ್ನು. ಊರವರು ಓಟದ ಕಾರು ಎಂದರು. ನಾನೂ ಹಾಗೇ ಅಂದುಕೊಂಡೆ.

ಕಾರಿನ ಹೆಸರು ಗೊತ್ತಿಲ್ಲ. ಅದರ ಯಜಮಾನರ ಹೆಸರು ಗೊತ್ತಿದೆ, ಆದರೆ ಬರೆಯುವುದಿಲ್ಲ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅವರನ್ನು ಹೊಗಳಬೇಕೋ, ಅವರ ಮೇಲೆ ಸಿಟ್ಟಾಗಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗದೆ ಹೆಸರು ಬರೆಯುವುದು ಸರಿಯಲ್ಲ ಅನ್ನಿಸಿತು.

ತಿಪಟೂರಿನ ಒಂದು ಮಂಡಿಯಲ್ಲಿ ಅವರು ಕೊಬ್ಬರಿ ಆರಿಸುತ್ತಿದ್ದರು. ನಮ್ಮ ಕಡೆಯದು ಉಂಡೆ ಕೊಬ್ಬರಿ. ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಮಲಗಿ, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಟಗಟ ಅಲ್ಲಾಡಬೇಕು. ಆಮೇಲೆ ಚಿಪ್ಪು ಒಡೆದರೆ ಇಡೀ ಉಂಡೆ ಹೊರಗೆ ಬರುತ್ತದೆ. ಮೇಲೆ ಎಲ್ಲ ಉಂಡೆಯೂ ಒಂದೇ ಥರ ಕಾಣುತ್ತದೆ. ಒಳಗೆ ಬಿಳುಪಾಗಿದೆಯೋ ಕೌಟಾಗಿ ಕೆಟ್ಟಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಅವರು ಎರಡು ಉಂಡೆ ಎತ್ತಿಕೊಂಡು ಒಂದಕ್ಕೊಂದು ತಾಕಿಸುತ್ತಿದ್ದರು, ಇಲ್ಲವೇ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು. ತಲೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಅಷ್ಟೆ. ಇದು ಈ ಕಡೆಗೆ, ಇದು ಆ ಕಡೆಗೆ.

ತಟ್ಟುವುದು ಅವರಿಗೆ ಮಂಡಿಯ ಕೆಲಸ ಮಾತ್ರ ಆಗಿರಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಕುರ್ಚಿ ತಟ್ಟುತ್ತಿದ್ದರು. ಕಾಫಿ ಲೋಟ ತಟ್ಟುತ್ತಿದ್ದರು. ಒಂದು ಸಲ ಮಗನಿಗೆ ಹೆಣ್ಣು ನೋಡಲು ತುರುವೇಕೆರೆಗೆ ಹೋದಾಗ ಹೆಣ್ಣಿನ ಮನೆಯ ಕಂಬ ತಟ್ಟಿದ್ದಕ್ಕೆ ಇವರ ಹೆಂಡತಿ ಸೆರಗಿನ ಮರೆಯಿಂದ ತಿವಿದು ಸುಮ್ಮನಾಗಿಸಿದರಂತೆ. ‘ಹೆಣ್ಣಿನ ತಲೆನೂ ತಟ್ಟಿ ನೋಡ್ಬುಟ್ಟಾರು ಅಂತ ಹೆದ್ರಿಕೊಂಡು ಕುಂತಿದ್ದೆ ಕಣಪ್ಪ’ ಎಂದು ಆ ತಾಯಿ ನಗುತ್ತಿದ್ದರು.

ನನ್ನ ಅವರ ಗುರುತಾದದ್ದು ನನ್ನ ಅಂಗಡಿಯಲ್ಲಿ. ಅಂಗಡಿ ಎಂದರೆ ಆಗ ನಾಲ್ಕು ಕಂಬ, ಮೇಲೆ ತೆಂಗಿನ ಗರಿ, ಗ್ಯಾಸ್ ವೆಲ್ಡಿಂಗಿಗೆ ಒಂದು ಕಾರ್ಬೈಡ್ ಡಬ್ಬ, ಸುತ್ತಿಗೆಗಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಹನ್ನೆರಡು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ತಗಡು ತಟ್ಟಿ, ನನ್ನದೇ ಜಾಗ ಅಂತ ಮಾಡಿಕೊಂಡಿದ್ದೆ. ಲಾರಿಯವರು, ಬಸ್ಸಿನವರು ಎಲ್ಲರೂ ‘ಲೇ’ ಎಂದೇ ಕರೆಯುತ್ತಿದ್ದರು. ಈ ಮನುಷ್ಯ ಬಂದು, ನಾನು ಅದೇ ತಾನೇ ಮುಗಿಸಿದ್ದ ಒಂದು ಜೀಪಿನ ಮಡ್‌ಗಾರ್ಡ್ ತಟ್ಟಿ, ತಲೆ ವಾಲಿಸಿ, ‘ಚೆನ್ನಾಗಿ ಕೂತದೆ. ನಂದೊಂದು ಕಾರೈತೆ, ಬಂದು ನೋಡ್ತೀರಾ ಮೇಸ್ತ್ರಿ?’ ಎಂದರು.

ಆಗ ನನಗೆ ಇಪ್ಪತ್ತಾರು ವರ್ಷ. ನನ್ನನ್ನು ಮೇಸ್ತ್ರಿ ಎಂದು ಕರೆದವರಲ್ಲಿ ಅವರೇ ಮೊದಲಿಗರು. ಹಿಂದೆ ಯಾರೋ ದೊಡ್ಡವರು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಅವರು ಹಾಗೆ ಕರೆದ ಮೇಲೆ ಲಾರಿಯವರೂ ಹಾಗೇ ಕರೆಯತೊಡಗಿದರು. ಆ ಹೆಸರನ್ನು ಉಳಿಸಿಕೊಳ್ಳುವುದು ನನಗೆ ಊಟಕ್ಕಿಂತ ದೊಡ್ಡದಾಯಿತು. ಆಗಿನಿಂದ ನಾನು ಹಾಕಿದ ಪ್ರತಿ ತೇಪೆಯ ಒಳಮುಖದಲ್ಲೂ, ಯಾರಿಗೂ ಕಾಣದ ಕಡೆ, ನನ್ನ ಹೆಸರಿನ ಮೊದಲ ಅಕ್ಷರವನ್ನು ಮೊಳೆಯಿಂದ ಗೀರಿ ಇಡುತ್ತಿದ್ದೆ. ಅದನ್ನು ಕಂಡವರು ಅವರೊಬ್ಬರೇ. ‘ಒಳಗಡೆ ಯಾಕ್ ಬರೀತೀರಿ? ಯಾರ್ ನೋಡ್ತಾರೆ?’ ಎಂದು ಕೇಳಿದರು. ‘ನಂಗೆ ಗೊತ್ತಿರ್ತದಲ್ಲ ಯಜಮಾನ್ರೇ’ ಎಂದೆ. ಅವರು ಆ ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು.

ಕಾರು ಹುಳಿಯಾರಿನ ಆಚೆ ಒಂದು ಕೊಟ್ಟಿಗೆಯಲ್ಲಿತ್ತು. ಚಿಕ್ಕನಾಯಕನಹಳ್ಳಿ ಕಡೆ ಗಣಿಗೆ ಬಂದಿದ್ದ ಯಾರೋ ಇಂಜಿನಿಯರು ವರ್ಗವಾದಾಗ ಬಿಟ್ಟುಹೋದದ್ದು. ಕೊಟ್ಟಿಗೆಯವರು ಅದರಲ್ಲಿ ಆಡು ಕಟ್ಟುತ್ತಿದ್ದರು. ಒಂದು ಜೊತೆ ಎತ್ತಿಗಿಂತ ಕಡಿಮೆಗೆ ಸಿಕ್ಕಿತು ಎಂದು ಯಜಮಾನರಿಗೆ ಸಂತೋಷ. ನಾನು ನೆಲಹಾಸು ಎತ್ತಿ ನೋಡಿದರೆ ಆಡಿನ ಉಚ್ಚೆ ಬಿದ್ದು ಬಿದ್ದು ತಗಡು ಹಪ್ಪಳವಾಗಿತ್ತು. ಬೆರಳು ಒತ್ತಿದರೆ ಒಳಕ್ಕೆ ಹೋಯಿತು. ತಿಪಟೂರಿಗೆ ಬರುತ್ತಿದ್ದ ಖಾಲಿ ಲಾರಿಗೆ ದಿಬ್ಬದಿಂದ ಅದನ್ನು ತಳ್ಳಿ ಹತ್ತಿಸಿ, ತಿಪಟೂರು–ತುರುವೇಕೆರೆ ದಾರಿಯಲ್ಲಿ ಒಳಗಿರುವ ಅವರ ಹಳ್ಳಿಗೆ ತಂದೆವು. ಬಾಗಿಲು ತೆಗೆದಾಗ ಒಳಗೆ ಇನ್ನೂ ಒಂದು ಆಡು ಮಲಗಿತ್ತು.

‘ಎರಡೇ ಬಾಗ್ಲು’ ಎಂದರು ಅವರ ಹೆಂಡತಿ, ಕಾರನ್ನು ಒಂದು ಸುತ್ತು ಹಾಕಿ. ‘ಹಿಂದಕ್ಕೆ ಹೋಗೋದು ಹೆಂಗೆ?’

‘ಮುಂದಿನ ಸೀಟು ಬಗ್ಗುತ್ತೆ ಕಣೇ. ಅದ್ರ ಸಂದೀಲಿ ನುಸೀಬೇಕು.’

‘ಎಳೇ ಕೂಸಾಗಿದ್ರೆ ನುಸೀಬೋದು. ನಿಮ್ ಮಗ ಎಮ್ಮೆ ಬೆಳ್ದಂಗೆ ಬೆಳ್ದವ್ನೆ. ನಾನು ಈ ಸೊಂಟ ಇಟ್ಕಂಡು ನುಸೀಲಾ?’

‘ನೀನು ಮುಂದ್ಗಡೆ ಕೂತ್ಕೋ.’

‘ಯಾವತ್ತು?’

‘ರೆಡಿಯಾದಾಗ. ಹಾಲ್ಕುರಿಕೆ ಮಠಕ್ಕೆ ನಿನ್ನ ಇದ್ರಲ್ಲೇ ಕರ್ಕೊಂಡೋಯ್ತೀನಿ.’

‘ಅಷ್ಟೊತ್ಗೆ ನಾನಿರ್ತೀನೋ ಇಲ್ವೋ. ಆಡಿರ್ತದೆ, ಅದನ್ನೇ ಕರ್ಕೊಂಡೋಗಿ’ ಎಂದು ಅವರು ಒಳಗೆ ಹೋದರು.

ಅವರಿಗೆ ಆ ಕಾರು ಯಾಕೆ ಬೇಕಾಗಿತ್ತು? ಕೇಳಿದವರಿಗೆಲ್ಲ ಅವರು ಒಂದೊಂದು ಹೇಳಿದ್ದರು. ಮಂಡಿಯವರಿಗೆ, ಮಾರಿದರೆ ಲಾಭ ಬರುತ್ತದೆ ಎಂದು. ಮಗನಿಗೆ, ನಿನಗೇ ಕಣಪ್ಪ ಎಂದು. ಹೆಂಡತಿಗೆ, ಮಠಕ್ಕೆ ಹೋಗಲು ಎಂದು. ನನಗೆ ಹೇಳಿದ್ದು ಬೇರೆ. ಆ ಇಂಜಿನಿಯರು ಒಂದು ಸಲ ಆ ಕಾರಿನಲ್ಲಿ ಮಂಡಿಯ ಮುಂದೆ ಹೋಗಿದ್ದನಂತೆ. ‘ಇಪ್ಪತ್ ವರ್ಷದಿಂದ ಕೊಬ್ಬರಿ ತಟ್ತಾ ಇದೀನಿ ಮೇಸ್ತ್ರಿ. ಅಂಥಾ ಸದ್ದು ಕೇಳಿರ್ಲಿಲ್ಲ. ಒಳಗೆ ಎಲ್ಲೂ ಪೊಳ್ಳೇ ಇಲ್ದಿರೋ ಸದ್ದು. ಕೈಯಾಗಿದ್ದ ಉಂಡೆ ಹಂಗೇ ಹಿಡ್ಕೊಂಡು ನಿಂತಿದ್ದೆ.’ ಇದು ನಿಜವೋ, ನನಗಾಗಿ ಮಾಡಿ ಹೇಳಿದ್ದೋ ಗೊತ್ತಿಲ್ಲ. ಎಲ್ಲರಿಗೂ ಹೇಳಿದ್ದೂ ನಿಜವೇ ಇರಬಹುದು.

ಅವರ ಮನೆಯಲ್ಲಿ ಎಲ್ಲ ತೋಟದ ಮನೆಗಳಂತೆ ಒಂದು ಉದ್ದನೆ ಕೋಣೆ, ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಆ ಅಟ್ಟದ ಕೆಳಗೆ ಕಾರು ನಿಲ್ಲಿಸಿದರು. ಅದಕ್ಕೊಂದು ಕಟ್ಟಪ್ಪಣೆ: ಅಟ್ಟದ ಕೆಳಗೆ ಬೆಂಕಿ ಹಚ್ಚುವಂತಿಲ್ಲ. ಮೇಲೆ ಒಂದು ವರ್ಷದ ಫಸಲು, ಪಕ್ಕದಲ್ಲಿ ಒಣ ಮಟ್ಟೆಯ ರಾಶಿ. ಬೀಡಿಯೂ ಇಲ್ಲ. ವೆಲ್ಡಿಂಗ್ ಇದ್ದ ದಿನ ಕಾರನ್ನು ಅಂಗಳಕ್ಕೆ ತಳ್ಳಬೇಕು, ಸಂಜೆ ಒಳಕ್ಕೆ ತಳ್ಳಬೇಕು. ಮಂಡಿಯಲ್ಲಿ ಹರಾಜಿಲ್ಲದ ದಿನ ಅವರಿಗೆ ಬಿಡುವು, ಅವತ್ತು ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕೆಲಸ ಮಾಡುವಾಗ ಮೇಲೆ ಎಲ್ಲೋ ಒಂದು ಕಾಯಿ ತಾನಾಗಿ ಸರಿದು ಲಟಕ್ ಎನ್ನುತ್ತಿತ್ತು. ಅವರು ತಲೆ ಎತ್ತಿ, ‘ಅದ್ರಾಗಿನ್ನೂ ನೀರೈತೆ’ ಎನ್ನುತ್ತಿದ್ದರು.

ದುಡ್ಡಿಲ್ಲದೆ ಮಾಡುವ ಕೆಲಸಕ್ಕೆ ಒಂದು ಥರ ಬುದ್ಧಿ ಬೇಕು, ಅದು ಅವರಿಗಿತ್ತು. ಇಂಜಿನ್ನನ್ನು ಪರಿಚಯದ ಲಾರಿ ಮೆಕ್ಯಾನಿಕ್ಕು ಬಿಚ್ಚಿ ಕೊಟ್ಟ. ಒಂದೊಂದು ಭಾಗವನ್ನೂ ಇವರು ಪಡಸಾಲೆಯಲ್ಲಿ ಕೂತು ಸೀಮೆಎಣ್ಣೆಯಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಗೋಣಿಯ ಮೇಲೆ ಸಾಲಾಗಿ ಇಟ್ಟರು. ಕಾರಿನ ಕೆಳಗಿನ ಕೆಲವು ರಬ್ಬರು ಲಾರಿ ಟ್ಯೂಬಿನಿಂದ ಬಂದವು. ಎಣ್ಣೆ ಸೋರದಂತೆ ಇಡುವ ತೆಳು ರಟ್ಟುಗಳಿಗೆ ಗೋಡೆಯ ಕ್ಯಾಲೆಂಡರು ಹೋಯಿತು. ‘ಲಕ್ಷ್ಮೀನ ಕತ್ತರ್ಸಿ ಇಂಜಿನ್ನೊಳಗೆ ಹಾಕ್ಬುಟ್ರಲ್ಲ!’ ಎಂದು ಹೆಂಡತಿ ಕೂಗಿದರು. ‘ಅಂಚಷ್ಟೇ ಕತ್ತರ್ಸಿದ್ದು, ಲಕ್ಷ್ಮಿ ಅಲ್ಲೇ ಅವ್ಳೆ ನೋಡೇ’ ಎಂದು ಇವರು ಉಳಿದ ತುಂಡು ತೋರಿಸಿದರು. ಸೀಟಿಗೆ ತುಂಬಿದ್ದು ತೆಂಗಿನ ನಾರು. ಒಂದು ದೀಪದ ಗಾಜು ಸಿಗದೆ ಒಂದೂವರೆ ವರ್ಷ ಕಾರು ಒಕ್ಕಣ್ಣಿನಲ್ಲೇ ಇತ್ತು. ನಾನು ಅವಸರ ಮಾಡಿದರೆ, ‘ನಮ್ಮಟ್ಟದ ಕಾಯಿಗೇ ಒಂದೊರ್ಷ ಬೇಕು. ಇದಕ್ಕೆ ನಾಕಾಗ್ಲಿ ಬುಡಿ ಮೇಸ್ತ್ರಿ’ ಎನ್ನುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಾರಿನ ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ತಗಡಿನ ಪೆಟ್ಟಿಗೆಯಂಥ ಒಂದು ತೊಲೆ ಹೋಗುತ್ತದೆ. ಎಡಗಡೆಯ ತೊಲೆ ಒಳಗಿನಿಂದ ತಿಂದು ಹೋಗಿತ್ತು. ಹೊರಗೆ ಅಂಗೈಯಷ್ಟು ತೂತು. ಅದನ್ನು ಕೊಯ್ದು, ದಪ್ಪ ತಗಡು ಕೂರಿಸಿ, ಉದ್ದಕ್ಕೂ ವೆಲ್ಡ್ ಮಾಡಬೇಕಾಗಿತ್ತು. ಆದರೆ ಅವತ್ತು ಕಾರು ಚಕ್ರ ಬಿಚ್ಚಿಕೊಂಡು ಮರದ ದಿಮ್ಮಿಯ ಮೇಲೆ ಕೂತಿತ್ತು. ಅಂಗಳಕ್ಕೆ ತಳ್ಳುವ ಹಾಗಿಲ್ಲ, ಅಟ್ಟದ ಕೆಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಅವರು ಯಾವುದೋ ತುರ್ತು ಲೋಡೆಂದು ಮಂಡಿಗೆ ಹೋಗಿದ್ದರು. ಮಾರನೆಯ ದಿನದಿಂದ ನನಗೆ ಅರಸೀಕೆರೆಯಲ್ಲಿ ಒಂದು ಬಸ್ಸಿನ ಬಾಡಿ ಕೆಲಸ ಒಪ್ಪಿಕೊಂಡಾಗಿತ್ತು, ಮೂರು ವಾರದ್ದು. ಕಾರಿನ ಕೆಲಸ ಅರ್ಧ ಬಿಟ್ಟು ಹೋದ ಮೇಸ್ತ್ರಿ ಎನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಡಾಂಬರು ಕಾಯಿಸಿದೆ. ಒಂದು ಚೀಲ ನಾರನ್ನು ಅದರಲ್ಲಿ ಅದ್ದಿ ತೊಲೆಯ ಹೊಟ್ಟೆಗೆ ಕೋಲಿನಿಂದ ಗಿಡಿದು ತುಂಬಿದೆ. ನನ್ನ ಲೆಕ್ಕ ಏನೆಂದರೆ, ನಾರು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ನೆನೆದರೂ ಕೊಳೆಯುವುದಿಲ್ಲ. ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಅದು ಗೊತ್ತು. ಹಾಗಾದರೆ ಅದಕ್ಕಿಂತ ಗಟ್ಟಿ ಪದಾರ್ಥ ಇನ್ನೇನು? ಮೇಲೆ ತೆಳು ತಗಡಿನ ತೇಪೆ ಇಟ್ಟು, ನಾಲ್ಕು ರಿವೆಟ್ ಹೊಡೆದು, ಪುಟ್ಟಿ ಮೆತ್ತಿ, ಉಜ್ಜಿ, ನುಣ್ಣಗೆ ಮಾಡಿದೆ. ನೋಡಿದರೆ ಹೊಸದು. ಆ ತೇಪೆಯ ಒಳಗೆ ಮಾತ್ರ ನನ್ನ ಅಕ್ಷರ ಗೀರಲಿಲ್ಲ. ಮರೆತೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ಮೂರು ವಾರವೆಂದು ಹೋದವನು ಐದು ವಾರದ ಮೇಲೆ ಬಂದೆ. ಬಂದು ನೋಡಿದರೆ ಅವರು ತೊಲೆಗಳಿಗೆಲ್ಲ ಕೆಂಪು ಪ್ರೈಮರು ಬಳಿದುಬಿಟ್ಟಿದ್ದರು.

‘ನೀವ್ಯಾಕ್ ಬಳಿಯಾಕೆ ಹೋದ್ರಿ ಯಜಮಾನ್ರೇ?’

‘ಸುಮ್ನೆ ಕುಂತಿದ್ದೆ, ಬಳ್ದೆ.’

ನನ್ನ ಕೆಲಸ ಕಡಿಮೆಯಾಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಚಕ್ರ ಹಾಕಿದೆವು. ಸೊಳ್ಳೆ ಔಷಧಿ ಹೊಡೆಯುವ ಕೈಪಂಪಿನಿಂದ ಬಣ್ಣ ಹೊಡೆದೆವು. ಬಣ್ಣ ಅವರೇ ಕಲೆಸಿದ್ದು, ಒಳ್ಳೆಯ ಕೊಬ್ಬರಿಯ ಮೇಲ್ಸಿಪ್ಪೆಗಿರುತ್ತದಲ್ಲ, ಆ ಕಂದು. ಹೊಳಪು ಬರಲು ಎಂಟು ದಿನ ಉಜ್ಜಿದೆವು.

ಮುಗಿದ ದಿನ ಅವರು ಕೈ ತೊಳೆದುಕೊಂಡು ಬಂದು, ಕಾರನ್ನು ಮೂತಿಯಿಂದ ತಟ್ಟುತ್ತ ಬಂದರು. ಬಾನೆಟ್ಟು, ಮಡ್‌ಗಾರ್ಡು, ಬಾಗಿಲು, ಮೇಲ್ಚಾವಣಿ. ಬಲಗಡೆ ಮುಗಿಸಿ ಎಡಗಡೆಗೆ ಬಂದರು. ಆ ತೊಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಸಲ ತಟ್ಟಿದರು. ತಲೆ ವಾಲಿತು. ಇನ್ನೊಂದು ಸಲ ತಟ್ಟಿದರು. ಅವರು ಕೂತಲ್ಲಿಂದಲೇ ನನ್ನ ಮುಖ ನೋಡಿ ಕೇಳಿದರು:

‘ಅಟ್ಟ ಏನಾರ ಸೋರ್ತಾ ಐತಾ ಮೇಸ್ತ್ರಿ?’

ಅದೇನು ಪ್ರಶ್ನೆ ಎಂದು ನನಗೆ ತಿಳಿಯಲಿಲ್ಲ. ‘ನಮ್ಮನೇಲಿ ಅಟ್ಟನೇ ಇಲ್ವಲ್ಲ ಯಜಮಾನ್ರೇ. ಹೆಂಚಿನ ಮನೆ. ಹೆಂಚು ಹೋದೊರ್ಷ ಹೊದಿಸಿದ್ದು, ಸೋರಲ್ಲ’ ಎಂದೆ.

‘ಹೌದಲ್ಲ’ ಎಂದರು. ಮೊಣಕಾಲು ಹಿಡಿದುಕೊಂಡು ಎದ್ದರು. ‘ಆಯ್ತು ಮೇಸ್ತ್ರಿ. ಒಳ್ಳೆ ಕೆಲ್ಸ.’

ಮಾರನೆಯ ದಿನ ಲಾರಿ ಮೆಕ್ಯಾನಿಕ್ಕು ಬಂದು ಇಂಜಿನ್ನು ಹಚ್ಚಿದ. ಒಂದು ತಾಸು ಕೆಮ್ಮಿತು, ಉಗುಳಿತು, ಆಮೇಲೆ ಹಿಡಿದುಕೊಂಡಿತು. ಅವರು ಅಂಗಳದಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ‘ಅದೇ ಸದ್ದಾ?’ ಎಂದು ಕೇಳಿದೆ. ‘ಅಲ್ಲ’ ಎಂದರು. ಮುಖದಲ್ಲಿ ಬೇಸರವೇನೂ ಇರಲಿಲ್ಲ. ‘ಇದೂ ಚೆನ್ನಾಗೈತೆ.’

ಹಾಲ್ಕುರಿಕೆಗೆ ಹೋದ ದಿನ ನಾನೂ ಇದ್ದೆ. ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಕಿಸಿಕೊಂಡು ಕೂತಿದ್ದೆ. ಮುಂದೆ ಆ ತಾಯಿ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಹಣ್ಣುಕಾಯಿ ಬುಟ್ಟಿ ಹಿಡಿದು, ‘ನೆಲದ್ ಮೇಲೆ ಕುಂತ್ಕಂಡು ಹೋಯ್ತಾ ಇರೋ ಹಂಗೈತೆ, ಎಮ್ಮೆ ಎಲ್ಲ ನಮ್ಗಿಂತ ಎತ್ರ ಅವೆ’ ಎಂದು ದಾರಿಯುದ್ದಕ್ಕೂ ನಗುತ್ತಿದ್ದರು. ಇವರು ತೋಟದ ಸಾಲುಗಳ ನಡುವೆ ಎತ್ತಿನ ಗಾಡಿಯಷ್ಟೇ ನಿಧಾನವಾಗಿ ಓಡಿಸಿದರು. ಅಂಥ ಕಾರನ್ನು ಹೀಗೆ ಓಡಿಸುವುದಾದರೆ ಯಾಕೆ ಕಟ್ಟಬೇಕಿತ್ತು ಎಂದು ಅವತ್ತೂ ಅರ್ಥವಾಗಲಿಲ್ಲ.

ಒಂದು ವರ್ಷವಾದ ಮೇಲೆ ಯಾವುದೋ ಕೆಲಸಕ್ಕೆ ಮಂಡಿಗೆ ಹೋಗಿದ್ದೆ. ಅವರು ಒಬ್ಬ ರೈತನ ರಾಶಿಯ ಮುಂದೆ ಕೂತಿದ್ದರು. ವ್ಯಾಪಾರಿಗಳು ಸುತ್ತ ನಿಂತಿದ್ದರು. ಪಕ್ಕದ ರಾಶಿಯಲ್ಲಿ ಇನ್ನೊಬ್ಬ ಆರಿಸುವವನು ಕೆಟ್ಟ ಉಂಡೆ ಸಿಕ್ಕಾಗಲೆಲ್ಲ ‘ಕೌಟು! ನೋಡ್ರಪ್ಪ ಕೌಟು!’ ಎಂದು ಕೂಗಿ ಎತ್ತಿ ತೋರಿಸುತ್ತಿದ್ದ. ಆ ರಾಶಿಯ ರೈತ ತಲೆ ತಗ್ಗಿಸಿಕೊಂಡಿದ್ದ. ಇವರು ಒಂದು ಉಂಡೆ ತಟ್ಟಿದರು, ತಲೆ ವಾಲಿಸಿದರು, ಇನ್ನೊಮ್ಮೆ ತಟ್ಟಿದರು. ಎದುರಿಗಿದ್ದ ರೈತನ ಮುಖ ನೋಡಿ ಮೆಲ್ಲಗೆ ಕೇಳಿದರು: ‘ಅಟ್ಟ ಏನಾರ ಸೋರ್ತಾ ಐತೇನಪ್ಪ?’

ಸೋರುವ ಅಟ್ಟದಲ್ಲಿ ನೆನೆದ ಕಾಯಿ ಒಳಗೇ ಕೌಟಾಗುತ್ತದೆ. ರೈತ ಬಿಳಿಚಿಕೊಂಡ. ‘ಹೂಂ ಸ್ವಾಮಿ. ಒಂದ್ ಮೂಲೇಲಿ’ ಎಂದ. ತಾನೇ ಕೈ ಹಾಕಿ, ತಳದಲ್ಲಿ ಸೇರಿಸಿದ್ದ ಕೆಟ್ಟ ಉಂಡೆಗಳನ್ನು ಒಂದೊಂದಾಗಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡ. ವ್ಯಾಪಾರಿಗಳಿಗೆ ಏನೂ ಗೊತ್ತಾಗಲಿಲ್ಲ. ಇವರು ಬೇರೆ ಕಡೆ ನೋಡುತ್ತ ಕೂತಿದ್ದರು.

ನಾನು ಬಂದ ಕೆಲಸ ಮರೆತು ಅಂಗಡಿಗೆ ವಾಪಸು ಬಂದೆ.

ಅಂದರೆ ಅವರಿಗೆ ಗೊತ್ತಿತ್ತು. ಕೇಳಿದ್ದರು. ಬಾಯಿ ಬಿಡಲು ಜಾಗ ಕೊಟ್ಟಿದ್ದರು. ನಾನು ಹೆಂಚಿನ ಕತೆ ಹೇಳಿದ್ದೆ. ಗೊತ್ತಿದ್ದೂ ಆ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋದರಲ್ಲ? ಅಥವಾ ಗೊತ್ತಿರಲಿಲ್ಲವೇ, ಬಾಯಿಗೆ ಬಂದ ರೂಢಿಯ ಮಾತೇ? ಅದೇ ಸಮಯಕ್ಕೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ಹಳೆಯ ಬಾಡಿ ಮೇಸ್ತ್ರಿಯ ಹತ್ತಿರ ಸುಮ್ಮನೆ ಮಾತಿಗೆ ಎಂಬಂತೆ ಕೇಳಿದೆ. ಅವನು, ‘ಅಂಥಾ ಕಾರ್‌ಗೆ ಕೆಳಗೆ ಬೇರೆ ಚಾಸಿ ಇರಲ್ಲ ಕಣಯ್ಯ. ಆ ತೊಲೆನೇ ಬೆನ್ನುಮೂಳೆ. ಅದ್ರೊಳಗೆ ನಾರು ಗೀರು ತುಂಬಿದ್ರೆ ನಾರು ಕೊಳೆಯಲ್ಲ, ನೀರು ಹಿಡ್ಕೊಂಡು ಕಬ್ಬಿಣ ಕೊಳ್ಸುತ್ತೆ. ಒಂದಿನ ಗುಂಡೀಲಿ ಇಳಿದ್ರೆ ಎರಡ್ ತುಂಡು’ ಎಂದ. ನಾರಿನ ಮಾತನ್ನು ನಾನೇ ಎತ್ತಿದ್ದೆನೋ ಅವನೇ ಎತ್ತಿದನೋ ನೆನಪಿಲ್ಲ.

ಆಮೇಲಿನ ನಾಲ್ಕು ವರ್ಷ ಆ ಕಾರು ಎಲ್ಲಿಗಾದರೂ ಹೊರಟಿದೆ ಎಂದು ಕೇಳಿದರೆ, ಅದು ವಾಪಸು ಬಂತು ಎಂದು ತಿಳಿಯುವವರೆಗೆ ನಾನು ಸುತ್ತಿಗೆ ಮುಟ್ಟುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಮೂರು ಸಲ ಸೈಕಲ್ ಹತ್ತಿ ಹೋದೆ. ಒಂದು ಸಲ ಅವರು ಮನೆಯಲ್ಲಿರಲಿಲ್ಲ. ಒಂದು ಸಲ ನೆಂಟರಿದ್ದರು. ಮೂರನೆಯ ಸಲ ಅವರೊಬ್ಬರೇ ಇದ್ದರು, ಕಾರು ಒರೆಸುತ್ತಿದ್ದರು. ‘ಯಜಮಾನ್ರೇ, ಆ ಎಡಗಡೆ ತೊಲೆ...’ ಎಂದೆ.

‘ಏನಾಗೈತೆ ತೊಲೆಗೆ?’

‘ಒಂದ್ಸಲ ಬಿಚ್ಚಿ ನೋಡಾನಾ ಅಂತ.’

‘ಓಡ್ತಾ ಐತಲ್ಲ ಮೇಸ್ತ್ರಿ. ಓಡೋದನ್ಯಾಕ್ ಬಿಚ್ತೀರಿ?’ ಎಂದು ಒಳಗೆ ಕೂಗಿದರು, ‘ಏ, ಮೇಸ್ತ್ರಿ ಬಂದವ್ರೆ, ಕಾಫಿ ತಗಂಬಾರೇ.’

ಕಾಫಿ ಕುಡಿದು ಬಂದೆ. ಅವರು ನನ್ನನ್ನು ಮೇಸ್ತ್ರಿ ಎಂದು ಕರೆದಾಗಲೆಲ್ಲ ಅದು ಗೌರವವೋ ಚುಚ್ಚು ಮಾತೋ ಎಂದು ಅವರ ಮುಖ ಹುಡುಕುತ್ತಿದ್ದೆ. ಆ ಮುಖದಲ್ಲಿ ಎಂದೂ ಏನೂ ಸಿಗಲಿಲ್ಲ. ಬೇರೆಯವರ ಕೆಲಸಗಳನ್ನು ಮಾತ್ರ ಆಗಿನಿಂದ ಎರಡೆರಡು ಸಲ ಬಿಚ್ಚಿ ನೋಡತೊಡಗಿದೆ. ತಿಪಟೂರಿನಲ್ಲಿ ಗಟ್ಟಿ ಕೆಲಸ ಬೇಕಾದರೆ ನನ್ನ ಹತ್ತಿರ ಹೋಗಬೇಕು ಎಂದು ಜನ ಹೇಳುತ್ತಾರೆ. ಆ ಹೆಸರು ಬಂದದ್ದು ಹೀಗೆ, ಹೆದರಿಕೆಯಿಂದ.

ಅವರು ತೀರಿಕೊಂಡದ್ದು ಹಾಸಿಗೆಯಲ್ಲಿ, ಎದೆನೋವಿನಿಂದ. ಕಾರಿಗೂ ಸಾವಿಗೂ ಸಂಬಂಧವಿಲ್ಲ ಎಂದು ತಿಳಿದಾಗ ನನಗಾದ ಸಮಾಧಾನಕ್ಕೆ ನನಗೇ ನಾಚಿಕೆಯಾಯಿತು. ತಿಥಿ ಕಳೆದು ಒಂದೆರಡು ತಿಂಗಳಿಗೆ ಅವರ ಮಗ ಅಂಗಡಿಗೆ ಬಂದ. ‘ಕಾರ್ ಮಾರಾದ, ಗುಜರಿಗೆ ಹಾಕಾದ, ಇಟ್ಕೊಳಾದ ಗೊತ್ತಾಗ್ತಿಲ್ಲ. ಕಟ್ಟಿದೋರು ನೀವು. ನೀವೇ ನೋಡಿ ಹೇಳ್ಬುಡಿ’ ಎಂದ.

ಹೋದೆ. ಕಾರು ಅಟ್ಟದ ಕೆಳಗೇ ಇತ್ತು. ಮೊದಲು ಎಡಗಡೆಯ ತೊಲೆಗೇ ಕೈ ಹಾಕಿದೆ. ಬಣ್ಣ ಕೆರೆದು, ರಿವೆಟ್ ಕಡಿದು, ತೇಪೆ ಎಬ್ಬಿಸಿದೆ.

ಒಳಗೆ ನಾರಿರಲಿಲ್ಲ. ಡಾಂಬರಿನ ಕಲೆ ಅಲ್ಲಲ್ಲಿ ಇತ್ತು, ಅಷ್ಟೆ. ತೊಲೆಯ ಉದ್ದಕ್ಕೂ ಒಂದು ದಪ್ಪ ಕಬ್ಬಿಣದ ಪಟ್ಟಿ ಕೂತಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಎತ್ತಿನ ಗಾಡಿಯ ಚಕ್ರಕ್ಕೆ ಸುತ್ತುವ ಪಟ್ಟಿ. ಬಿಚ್ಚಿ, ಬಡಿದು ನೆಟ್ಟಗೆ ಮಾಡಿ, ಚಕ್ರದ ಕಡೆಯ ತುದಿಯಿಂದ ತೂರಿಸಿದ್ದರು. ಗೇಣಿಗೊಂದು ಬೋಲ್ಟು, ಹೊರಗಿನಿಂದ ಕಾಣದಂತೆ ಒಳಮಗ್ಗುಲಿಗೆ ಬಿಗಿದದ್ದು. ಬೋಲ್ಟುಗಳು ಸಾಲಾಗಿರಲಿಲ್ಲ, ಒಂದು ಮೇಲೆ ಒಂದು ಕೆಳಗೆ, ಕೆಲಸ ಗೊತ್ತಿಲ್ಲದವರ ಕೈ. ಆದರೆ ಒಂದೂ ಅಲ್ಲಾಡುತ್ತಿರಲಿಲ್ಲ. ಮೇಲೆಲ್ಲ ಕೆಂಪು ಪ್ರೈಮರು ಬಳಿದಿತ್ತು.

ತೇಪೆಯನ್ನು ತಿರುಗಿಸಿ ನೋಡಿದೆ. ಒಳಮುಖದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಗೀರಿತ್ತು.

ನಾನು ಗೀರಿದ್ದಲ್ಲ. ನನ್ನ ಅಕ್ಷರ ಚೂಪು, ಅರ್ಜೆಂಟಿನದು. ಇದು ದುಂಡಗಿತ್ತು. ಕೊಬ್ಬರಿ ಮೂಟೆಗಳ ಮೇಲೆ ರೈತರ ಹೆಸರು ಬರೆಯುತ್ತಾರಲ್ಲ, ಆ ಕೈ.

ಆ ತಾಯಿ ಕಾಫಿ ತಂದರು. ನನ್ನ ಕೈಯಲ್ಲಿದ್ದ ತೇಪೆ ನೋಡಿ, ಪಟ್ಟಿ ನೋಡಿ, ಹೊಸ್ತಿಲ ಮೇಲೆ ಕೂತರು.

‘ಅಕ್ಕ, ಇದು ಯಾವಾಗ ಮಾಡಿದ್ದು?’

‘ನೀನು ಅರಸೀಕೆರೆಗೆ ಹೋಗಿದ್ದಾಗ ಕಣಪ್ಪ. ಹತ್ತು ದಿನ ಒದ್ದಾಡಿದ್ರು. ಡಾಂಬ್ರು ಮೆತ್ತಿದ ನಾರು ಒಂದ್ ಚೀಲ ತೆಗೆದ್ರು. ನೀರೊಲೆಗೆ ಹಾಕು ಅಂದ್ರು. ಭಾಳ ಚೆನ್ನಾಗಿ ಉರೀತು.’

‘ನನ್ ಬಗ್ಗೆ ಏನಾರ ಅಂದ್ರಾ?’

‘ಏನೂ ಅನ್ನಲಿಲ್ಲ. ಮೇಸ್ತ್ರಿ ಬಂದಾಗ ಇದ್ರ ಮಾತೆತ್ಬ್ಯಾಡ ಅಂದ್ರು. ನಾನೆತ್ತಲಿಲ್ಲ.’

ಅಂದರೆ ಆ ದಿನ ಕುಕ್ಕರಗಾಲಲ್ಲಿ ಕೂತು ಅವರು ತಟ್ಟಿದ್ದು ತಮ್ಮದೇ ಕೆಲಸವನ್ನು. ಕಾರಿನ ಬೆನ್ನು ಗಟ್ಟಿಯಾಗಿದೆ ಎಂದು ಗೊತ್ತಿದ್ದೇ ನನ್ನನ್ನು ಕೇಳಿದ್ದರು. ಕಾರಿಗಾಗಿ ಕೇಳಿದ್ದಲ್ಲ. ಮತ್ತೆ ನನ್ನ ಅಕ್ಷರ ಯಾಕೆ ಗೀರಿದರು? ಕೇಳುವುದಕ್ಕೆ ಮೊದಲೇ ಗೀರಿ ಮುಚ್ಚಿದ್ದರಲ್ಲ? ನನ್ನ ಮಾನ ಕಾಪಾಡಿದರೋ? ಹೀಗಿರಬೇಕಾಗಿತ್ತು ನಿನ್ನ ಕೆಲಸ ಎಂದು ಕಪಾಳಕ್ಕೆ ಹೊಡೆದರೋ? ನಾಲ್ಕು ವರ್ಷ ನಾನು ಬೆಂದದ್ದು ಅವರಿಗೆ ಕಾಣುತ್ತಿತ್ತಲ್ಲ, ಒಂದು ಮಾತು ಹೇಳಬಾರದಿತ್ತೇ? ಅಥವಾ ನಾನೇ ಹೇಳಲಿ ಎಂದು ಕಾಯುತ್ತ ಕಾಯುತ್ತ ಹೋದರೋ?

ಮಗ ಬಂದು ನಿಂತ. ‘ಏನ್ ಮೇಸ್ತ್ರಿ, ಹೆಂಗೈತೆ?’

ಬಾಯಿ ಬಿಟ್ಟೆ. ಐದು ವರ್ಷದ ಮಾತು. ‘ಈ ತೊಲೆ ನನ್ ಕೆಲ್ಸ ಅಲ್ಲ ಕಣಪ್ಪ. ನಾನು ಕೆಟ್ಟ ಕೆಲ್ಸ ಮಾಡಿ ಮುಚ್ಚಿದ್ದೆ. ಇದನ್ನ ಕಟ್ಟಿದ್ದು ನಿಮ್ಮಪ್ಪ.’

ಅವನು ನಕ್ಕ. ‘ಅಪ್ಪಾನಾ? ಸೈಕಲ್ ಚೈನ್ ಬಿದ್ರೆ ಹಾಕಾಕೆ ಬರ್ತಿರ್ಲಿಲ್ಲ ಅವ್ರಿಗೆ.’ ನನ್ನ ಕೈಯಿಂದ ತೇಪೆ ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದ. ‘ನಿಮ್ ಅಕ್ಷರನೇ ಐತಲ್ಲ ಇಲ್ಲಿ. ಅಪ್ಪ ಹೇಳ್ತಿದ್ರು, ಮೇಸ್ತ್ರಿ ಅಕ್ಷರ ಇದ್ರೆ ಮತ್ತೆ ತಟ್ಟಿ ನೋಡ್ಬೇಕಾಗಿಲ್ಲ ಅಂತ.’

ನಾನು ತಾಯಿಯ ಕಡೆ ನೋಡಿದೆ. ಅವರು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಮಾತೆತ್ತಬೇಡ ಎಂದು ಗಂಡ ಹೇಳಿದ್ದರಲ್ಲ.

‘ಹೇಳಿ ಮೇಸ್ತ್ರಿ. ಗುಜರಿಗೆ ಹಾಕ್ಲಾ?’

‘ಬ್ಯಾಡ. ಬೆನ್ನು ಗಟ್ಟಿಯಾಗೈತೆ’ ಎಂದೆ. ‘ಇಟ್ಕೋ.’

ಅವನು ಹೋದ ಮೇಲೆ ಆ ಅಕ್ಷರ ಉಜ್ಜಿ ಅಳಿಸಲು ಅರ ಎತ್ತಿಕೊಂಡೆ. ಅಳಿಸಿದರೆ ಅವರ ಕೈ ಹೋಗುತ್ತದೆ. ಬಿಟ್ಟರೆ ನನ್ನ ಸುಳ್ಳು ಉಳಿಯುತ್ತದೆ. ಅರವನ್ನು ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ. ಕೊನೆಗೆ ತೇಪೆಯನ್ನು ಇದ್ದ ಹಾಗೇ ಇಟ್ಟು ನಾಲ್ಕು ರಿವೆಟ್ ಹೊಡೆದೆ. ಕುಕ್ಕರಗಾಲಲ್ಲಿ ಕೂತು ಬೆರಳಿನ ಗೆಣ್ಣಿನಿಂದ ತಟ್ಟಿದೆ. ತಲೆಯನ್ನು ಎಡಕ್ಕೆ ವಾಲಿಸಿ ನೋಡಿದೆ. ಮೇಲೆ ಅಟ್ಟದಲ್ಲಿ ಒಂದು ಕಾಯಿ ಸರಿದು ಲಟಕ್ ಎಂದಿತು. ಅದು ಒಣಗಿದೆಯೋ, ಅದರಲ್ಲಿ ಇನ್ನೂ ನೀರಿದೆಯೋ ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ತಟ್ಟಿದೆ.